ಕಾದು ಕುಳಿತವರ ಆಸನ

ಅರಸೀಕೆರೆಯಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿ ಗಂಡಸಿ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯುಂಟು. ಹ್ಯಾಂಡ್‌ಪೋಸ್ಟ್ ಎಂದರೆ ಕೈಮರ. ದಾರಿಹೋಕರಿಗೆ ಊರುಗಳ ದಿಕ್ಕನ್ನು ತೋರಿಸುವ ಕಂಬ. ದಾರಿ ಕವಲೊಡೆದ ಕಡೆ ಬಸ್ಸು ಬದಲಿಸುವವರಿರುತ್ತಾರೆ. ಬಸ್ಸು ಬದಲಿಸುವವರಿದ್ದ ಕಡೆ ಕಾಯುವವರೂ ಇರುತ್ತಾರೆ. ಇಂಥವರನ್ನು ತುಸು ಹೊತ್ತು ಗಮನವಿಟ್ಟು ನೋಡಿ. ಕಲ್ಲುಚಪ್ಪಡಿಯ ಬೆಂಚಿನ ಮೇಲೆ ಕುಳಿತವನು ಆಗಾಗ ಮಗ್ಗುಲು ಬದಲಿಸುತ್ತಾನೆ; ಒಂದು ಕಾಲನ್ನು ಮೇಲಕ್ಕೆ ಮಡಚಿಕೊಳ್ಳುತ್ತಾನೆ; ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಬಂದು ಕೂರುತ್ತಾನೆ. ಪಕ್ಕದಲ್ಲಿ ಕೊಬ್ಬರಿಯ ಚೀಲದ ಮೇಲೆ ಕುಳಿತವನು ಮಾತ್ರ ಅಷ್ಟು ಚಡಪಡಿಸುವುದಿಲ್ಲ. ಕಾರಣವೇನು?

ಕುಳಿತಾಗ ನಮ್ಮ ಭಾರವನ್ನು ಮುಖ್ಯವಾಗಿ ಹೊರುವುವು ಸೊಂಟದ ಎಲುಬಿನ ಕೆಳತುದಿಯಲ್ಲಿರುವ ಎರಡು ಉಬ್ಬುಗಳು. ಗಟ್ಟಿ ಬೆಂಚಿನ ಮೇಲೆ ಅಂಗೈಯನ್ನಿಟ್ಟು ಅದರ ಮೇಲೆ ಕುಳಿತರೆ ಅವು ಕೈಗೆ ತಗಲುತ್ತವೆ. 60 ಕಿಲೋಗ್ರಾಂ ತೂಕದ ಒಬ್ಬ ವ್ಯಕ್ತಿಯ ಭಾರದಲ್ಲಿ ಮುಕ್ಕಾಲು ಪಾಲು, ಅಂದರೆ 45 ಕಿಲೋಗ್ರಾಂ, ಆಸನದ ಮೇಲೆ ಬೀಳುತ್ತದೆಂದೂ, ಕಲ್ಲಿನ ಮೇಲೆ ಈ ಭಾರವು 150 ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಹಂಚಿಹೋಗುತ್ತದೆಂದೂ ಇಟ್ಟುಕೊಳ್ಳೋಣ. ಒತ್ತಡವು ಚದರ ಸೆಂಟಿಮೀಟರಿಗೆ 0.3 ಕಿಲೋಗ್ರಾಂ ಆಯಿತು. ಇದನ್ನು ಪಾದರಸದ ಕಂಬದ ಅಳತೆಗೆ ತಿರುಗಿಸಿದರೆ ಸುಮಾರು 220 ಮಿಲಿಮೀಟರ್. ಚರ್ಮದ ಅತಿ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವಾದರೋ ಕೇವಲ 30 ಮಿಲಿಮೀಟರಿನ ಆಸುಪಾಸಿನದು. ಹೊರಗಿನ ಒತ್ತಡವು ಒಳಗಿನದನ್ನು ಮೀರಿದಾಗ ನಾಳಗಳು ಮುಚ್ಚಿಕೊಂಡು ಆ ಭಾಗಕ್ಕೆ ರಕ್ತ ಸರಿಯಾಗಿ ಹರಿಯದು. ಮಗ್ಗುಲು ಬದಲಿಸುವುದೆಂದರೆ ನಾಳಗಳಿಗೆ ಒಂದಿಷ್ಟು ಬಿಡುವು ಕೊಡುವುದು. ಕೊಬ್ಬರಿಯ ಚೀಲವು ಮೈಯ ಆಕಾರಕ್ಕೆ ತಕ್ಕಂತೆ ತಗ್ಗುತ್ತದೆ. ಅದೇ 45 ಕಿಲೋಗ್ರಾಂ 900 ಚದರ ಸೆಂಟಿಮೀಟರಿಗೆ ಹರಡಿದರೆ ಒತ್ತಡ ಸುಮಾರು 37 ಮಿಲಿಮೀಟರಿಗೆ ಇಳಿಯುತ್ತದೆ. ಭಾರ ಬದಲಾಗಲಿಲ್ಲ, ಬದಲಾದದ್ದು ವಿಸ್ತೀರ್ಣ.

ಹಾಗಾದರೆ ಆಸನವು ಮೆತ್ತಗಿದ್ದಷ್ಟೂ ಉತ್ತಮವೇ? ಬಹುಮಂದಿ ಹಾಗೆಯೇ ತಿಳಿಯುತ್ತಾರೆ. ನಾನೂ ಒಮ್ಮೆ ಹಾಗೆ ತಿಳಿದಿದ್ದೆ.

ಕೆಲವು ವರ್ಷಗಳ ಹಿಂದೆ, ಎಂಬತ್ತನ್ನು ದಾಟಿದ ನಮ್ಮ ಅಜ್ಜಿಯನ್ನು ಗಂಡಸಿಯಿಂದ ಪಟ್ಟಣದ ಒಂದು ಕಣ್ಣಾಸ್ಪತ್ರೆಗೆ ಕರೆದೊಯ್ದಿದ್ದೆ. ಹೊಸ ಕಟ್ಟಡ, ನಿರೀಕ್ಷಣಾ ಕೊಠಡಿಯಲ್ಲಿ ತಗ್ಗಾದ, ಆಳವಾದ, ಮೆತ್ತನೆಯ ಸೋಫಾಗಳು. ಅಜ್ಜಿಯನ್ನು ಅದರಲ್ಲಿ ಕೂರಿಸಿ, ಸುಖವಾಗಿದ್ದಾಳೆಂದು ತಿಳಿದು ಔಷಧಿ ಚೀಟಿಯನ್ನು ತೋರಿಸಲು ಕಿಟಕಿಯ ಬಳಿಗೆ ಹೋದೆ. ಅಷ್ಟರಲ್ಲಿ ಅವಳ ಹೆಸರನ್ನು ಕೂಗಿದರು. ಅವಳು ಎರಡು ಸಲ ಏಳಲು ಯತ್ನಿಸಿ ಮತ್ತೆ ಒಳಗೆ ಕುಸಿದಳು. ಕೂಗಿದವನು ಕ್ಷಣಕಾಲ ನೋಡಿ ಮುಂದಿನ ಹೆಸರನ್ನು ಕೂಗಿಯೇಬಿಟ್ಟ. ನಾನು ಓಡಿಬಂದಾಗ ಅಜ್ಜಿ ಹೇಳಿದ ಮಾತು ಇದು: “ನೆಲ ಆಗಿದ್ರೆ ಕೈ ಊರ್ಕೊಂಡು ಎದ್ದೇಳ್ತಿದ್ದೆ ಕಣಪ್ಪಾ. ಇದು ಹಿಡ್ಕೊಂಬಿಡ್ತು.” ತರಗತಿಯಲ್ಲಿ ಪ್ರತಿ ವರ್ಷವೂ ಗುರುತ್ವ ಕೇಂದ್ರದ ಪಾಠವನ್ನು ಹೇಳುವ ನನಗೆ ಆ ಮಾತಿನಿಂದ ನಾಚಿಕೆಯಾಯಿತು.

ಆಕೆಯನ್ನು ಹಿಡಿದುಕೊಂಡದ್ದು ಯಾವುದು? ಸಣ್ಣದೊಂದು ಪ್ರಯೋಗವನ್ನು ಮಾಡಿ ನೋಡಿ. ಸಾಧಾರಣ ಕುರ್ಚಿಯೊಂದರಲ್ಲಿ ಬೆನ್ನನ್ನು ನೆಟ್ಟಗಿಟ್ಟು, ಪಾದಗಳನ್ನು ಮೊಣಕಾಲಿನ ನೇರ ಕೆಳಗಿಟ್ಟು ಕುಳಿತುಕೊಳ್ಳಿ. ಮುಂದಕ್ಕೆ ಬಾಗದೆ, ಪಾದಗಳನ್ನು ಸರಿಸದೆ, ಕೈಯೂರದೆ ಏಳಿರಿ. ಎಂಥ ಪೈಲ್ವಾನನಿಂದಲೂ ಸಾಧ್ಯವಿಲ್ಲ. ಶರೀರದ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಪಾದಗಳು ಆವರಿಸಿದ ಜಾಗದೊಳಗೆ ಬಿದ್ದರೆ ಮಾತ್ರ ನಾವು ನಿಲ್ಲಬಲ್ಲೆವು. ಕುಳಿತಾಗ ಆ ರೇಖೆಯು ಆಸನದ ಮೇಲೆ ಬೀಳುತ್ತಿರುತ್ತದೆ. ಆದುದರಿಂದ ಏಳುವವನು ಮುಂಡವನ್ನು ಮುಂದಕ್ಕೆ ಬಾಗಿಸುತ್ತಾನೆ, ಇಲ್ಲವೆ ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಸಾಮಾನ್ಯವಾಗಿ ಎರಡನ್ನೂ ಮಾಡುತ್ತಾನೆ.

ಆಳವಾದ ತಗ್ಗು ಸೋಫಾದಲ್ಲಿ ಪೃಷ್ಠವು ಹಿಂದಕ್ಕೂ ಕೆಳಕ್ಕೂ ಹೋಗಿ ಮೊಣಕಾಲುಗಳು ಅದಕ್ಕಿಂತ ಎತ್ತರದಲ್ಲಿರುತ್ತವೆ. ಗುರುತ್ವ ಕೇಂದ್ರವು ಪಾದಗಳಿಂದ ಬಹು ದೂರ. ಏಳುವಾಗ ತೊಡೆಯು ಅಡ್ಡಮಟ್ಟವನ್ನು ದಾಟಿಯೇ ಮೇಲೆ ಬರಬೇಕು. ಅದು ಅಡ್ಡಮಟ್ಟದಲ್ಲಿರುವಾಗಲೇ ಸೊಂಟವು ಮಂಡಿಯಿಂದ ಅತಿ ಹೆಚ್ಚು ಹಿಂದಿರುವುದು. ಭಾರವು ಮಂಡಿಯನ್ನು ಮಡಿಸಲು ಹವಣಿಸುವ ಸನ್ನೆಗೋಲಿನ ತೋಳು ಅಷ್ಟು ಉದ್ದವಾಗಿರುವಾಗ, ಎದುರು ಬಲವನ್ನು ತೊಡೆಯ ಮುಂಭಾಗದ ಸ್ನಾಯುಗಳೇ ಒದಗಿಸಬೇಕು. ವೃದ್ಧರಲ್ಲಿ ಕುಗ್ಗಿರುವುದು ಆ ಸ್ನಾಯುಗಳೇ. ಕೈಯೂರೋಣವೆಂದರೆ ಮೆತ್ತೆಯು ಕೈಯನ್ನೂ ನುಂಗುತ್ತದೆ. ಎತ್ತರದ ಆಸನದಲ್ಲಿ ತೊಡೆಯು ಮೊದಲೇ ಮುಂದಕ್ಕೆ ಇಳಿಜಾರಾಗಿರುವುದರಿಂದ ಕೆಲಸ ಹಗುರ. ಗಟ್ಟಿಯಾದ ಎರಡು ತೋಳುಗಳು ಕುರ್ಚಿಗಿದ್ದರಂತೂ ಭಾರದ ಒಂದು ಪಾಲನ್ನು ಭುಜಗಳು ವಹಿಸಿಕೊಳ್ಳುತ್ತವೆ.

ಇಲ್ಲಿಯೇ ಮತ್ತೊಂದು ಸಂಗತಿಯನ್ನು ಹೇಳಬೇಕು. ಪಾದಗಳನ್ನು ಹಿಂದಕ್ಕೆಳೆಯಲು ಆಸನದ ಕೆಳಗೆ ತೆರವಿರಬೇಕಷ್ಟೆ. ಬಸ್‌ನಿಲ್ದಾಣಗಳಲ್ಲಿ ಬುಡದವರೆಗೂ ಇಟ್ಟಿಗೆ ಕಟ್ಟಿ ಗಾರೆ ಮಾಡಿದ ಬೆಂಚುಗಳಿರುತ್ತವೆ. ಅಲ್ಲಿ ಹಿಮ್ಮಡಿಯು ಗೋಡೆಗೆ ತಾಗಿ ನಿಂತುಬಿಡುತ್ತದೆ. ಏಳುವವನು ಇನ್ನಷ್ಟು ಬಾಗಬೇಕು. ಎರಡು ಕಲ್ಲುಗಾಲುಗಳ ಮೇಲೆ ಹಾಸಿದ ಚಪ್ಪಡಿಯೇ ಇದಕ್ಕಿಂತ ಮೇಲು, ಖರ್ಚೂ ಕಡಿಮೆ. ನಮ್ಮ ಹಳೆಯ ಮನೆಗಳ ಜಗಲಿಯೂ ಬುಡದವರೆಗೆ ಕಟ್ಟಿದ್ದೇ ಅಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ಜಗಲಿಯು ಕಾಲು ಇಳಿಬಿಟ್ಟು ಕೂರುವವರಿಗಾಗಿ ಹುಟ್ಟಿದ್ದಲ್ಲ. ಅದರ ಅಗಲವು ಚಕ್ಕಳಮಕ್ಕಳ ಹಾಕಿ ಕೂರುವವನಿಗೆ, ದಣಿದು ಬಂದು ಅಡ್ಡಾಗುವವನಿಗೆ ತಕ್ಕುದು. ಕಾಲು ಮಡಚಿ ಕುಳಿತಾಗ ತೊಡೆಗಳೂ ಭಾರವನ್ನು ಹೊರುತ್ತವೆ. ಗಟ್ಟಿ ನೆಲವನ್ನು ನಮ್ಮ ಹಿರಿಯರು ಸಹಿಸಿದ್ದರ ಗುಟ್ಟಿನಲ್ಲಿ ಇದೂ ಒಂದು. ಇಂದಿನ ನಿರೀಕ್ಷಣಾ ಕೊಠಡಿಗಳಲ್ಲಿ ಕಾಲು ಮಡಚಿ ಕೂರುವಷ್ಟು ಅಗಲದ ಒಂದು ಬೆಂಚನ್ನಾದರೂ ಏಕೆ ಇಡಬಾರದೆಂದು ನನಗೆ ತಿಳಿಯದು.

ಆಸನದ ಎತ್ತರವನ್ನು ಗೊತ್ತುಮಾಡುವ ಬಗೆ ಸುಲಭ. ಕುಳಿತವನ ಹಿಮ್ಮಡಿಯಿಂದ ಮಂಡಿಯ ಹಿಂಭಾಗದ ಮಡಿಕೆಯವರೆಗೆ ಅಳೆಯಿರಿ. ಆಸನವು ಇದಕ್ಕಿಂತ ಎತ್ತರವಾದರೆ ಪಾದಗಳು ತೇಲಿ, ಕಾಲಿನ ಭಾರವೆಲ್ಲ ಆಸನದ ಅಂಚಿಗೆ ತೂಗಿ, ತೊಡೆಯ ಕೆಳಭಾಗ ಒತ್ತಿಹೋಗಿ ಕಾಲು ಜೋಮುಹಿಡಿಯುತ್ತದೆ. ಗಿಡ್ಡ ಹೆಂಗಸರಿಗೂ ಮಕ್ಕಳಿಗೂ ಆಗುವ ತೊಂದರೆಯಿದು. ಹೀಗೆ ಮಂಡಿನೋವಿನವರಿಗೆ ಎತ್ತರ ಬೇಕು, ಗಿಡ್ಡವಾಗಿರುವವರಿಗೆ ತಗ್ಗು ಬೇಕು. ಒಂದೇ ಅಳತೆಯ ಇಪ್ಪತ್ತು ಕುರ್ಚಿಗಳನ್ನು ಸಾಲಾಗಿ ತರಿಸುವವರು ಇಬ್ಬರನ್ನೂ ಮರೆತಿರುತ್ತಾರೆ. ಹೆಚ್ಚಿನವು 40 ಸೆಂಟಿಮೀಟರ್ ಎತ್ತರವಿದ್ದು, ತೋಳುಳ್ಳ ಕೆಲವು 47 ಇದ್ದರೆ ಬಹುಮಟ್ಟಿಗೆ ಸಾಕು.

ಇನ್ನು ಬೆನ್ನು. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್‌ಸನ್ 1960ರ ದಶಕದಲ್ಲಿ ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಯೊಳಕ್ಕೆ ಸೂಜಿಯನ್ನು ಹೊಗಿಸಿ ಅಲ್ಲಿಯ ಒತ್ತಡವನ್ನು ಅಳೆದನು. ಒರಗದೆ ಕುಳಿತಾಗ ಒತ್ತಡವು ನಿಂತಾಗಿನದಕ್ಕಿಂತ ಹೆಚ್ಚೆಂಬುದು ಅವನ ಫಲಿತಾಂಶ. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನಲ್ಲಿ ಮತ್ತೆ ಅಳೆದಾಗ ಈ ವ್ಯತ್ಯಾಸ ಕಾಣಲಿಲ್ಲ: ನಿಂತಾಗ ಚದರ ಸೆಂಟಿಮೀಟರಿಗೆ ಸುಮಾರು 5 ಕಿಲೋಗ್ರಾಂ, ನೆಟ್ಟಗೆ ಕುಳಿತಾಗ 4.7. ಆದರೆ ಕುಳಿತು ಮುಂದಕ್ಕೆ ಬಾಗಿದಾಗ ಅದು 8ನ್ನು ಮೀರಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಾಗ 3ಕ್ಕಿಂತ ಕೆಳಗಿಳಿಯಿತು. ಒರಗುವುದು ಬೆನ್ನಿಗೆ ಹಿತವೆಂಬಲ್ಲಿ ವಿವಾದವಿಲ್ಲ.

ನಮ್ಮ ಶಿಲ್ಪಿಗಳಿಗೆ ಇದು ಸೂಜಿಯಿಲ್ಲದೆಯೇ ತಿಳಿದಿತ್ತು. ಚಾಲುಕ್ಯ ಹೊಯ್ಸಳರ ಕಾಲದ ತೆರೆದ ಮಂಟಪಗಳ ಅಂಚಿನಲ್ಲಿ ಸುತ್ತಲೂ ಕಲ್ಲಿನ ಆಸನ, ಅದಕ್ಕೆ ಹೊರಮುಖವಾಗಿ ವಾಲಿದ ಒರಗುಗಲ್ಲು ಇರುವುದನ್ನು ನೀವು ನೋಡಿರಬಹುದು. ಇದಕ್ಕೆ ಕಕ್ಷಾಸನವೆಂದು ಹೆಸರು. ಅರಸೀಕೆರೆಯವರು ದೂರ ಹೋಗಬೇಕಿಲ್ಲ. 13ನೆಯ ಶತಮಾನದ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪಕ್ಕೆ ಹೋಗಿ ಕುಳಿತು ನೋಡಲಿ. ಒರಗು ಲಂಬದಿಂದ 20 ಡಿಗ್ರಿ ವಾಲಿದ್ದರೆ ಅದಕ್ಕೊರಗಿದ ಮುಂಡದ ಭಾರದಲ್ಲಿ ಸುಮಾರು ಮೂರನೆಯ ಒಂದು ಪಾಲು ಒರಗನ್ನು ಒತ್ತುತ್ತದೆ. ಇದರ ಪ್ರತಿಬಲವು ಮೈಯನ್ನು ಮುಂದಕ್ಕೆ ಜಾರಿಸುವುದೆಂಬುದನ್ನೂ ಮರೆಯಬಾರದು. ನುಣುಪಾದ ಉಕ್ಕಿನ ಆಸನಗಳಲ್ಲಿ ನಾವು ಮೆಲ್ಲಮೆಲ್ಲನೆ ಜಾರುವುದು ಹೀಗೆ. ಆಸನವೇ ನಾಲ್ಕೈದು ಡಿಗ್ರಿ ಹಿಂದಕ್ಕೆ ಇಳಿಜಾರಾಗಿದ್ದರೆ ಜಾರಿಕೆ ನಿಲ್ಲುತ್ತದೆ.

ಆಸನವನ್ನು ಯಾವ ಪದಾರ್ಥದಿಂದ ಮಾಡಬೇಕು? ಪುಷ್ಯಮಾಸದ ಬೆಳಗಿನಲ್ಲಿ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಕಾದವರಿಗೆ ಕಲ್ಲು ಬೆಂಚಿನ ಚಳಿಯನ್ನು ಬಣ್ಣಿಸಬೇಕಾಗಿಲ್ಲ. ಕಲ್ಲೂ ಮರವೂ 20 ಡಿಗ್ರಿಯಲ್ಲಿಯೇ ಇದ್ದರೂ 33 ಡಿಗ್ರಿಯ ಚರ್ಮವು ತಾಗಿದೊಡನೆ ಕಲ್ಲಿನೊಡನೆ ಕೂಡುವ ಮೇಲ್ಮೈಯ ಉಷ್ಣತೆ ಸುಮಾರು 24 ಡಿಗ್ರಿಗೆ ಇಳಿಯುತ್ತದೆ. ಮರದೊಡನೆಯಾದರೆ ಸುಮಾರು 30ರಲ್ಲಿ ನಿಲ್ಲುತ್ತದೆ. ಕಲ್ಲು ಶಾಖವನ್ನು ಬೇಗ ಒಳಕ್ಕೆ ಸಾಗಿಸುವುದೇ ಕಾರಣ. ಬೇಸಗೆಯ ಮಧ್ಯಾಹ್ನ ನೆರಳಿನ ಕಲ್ಲು ಹಿತವಾಗುವುದೂ ಅದರಿಂದಲೇ. ಸ್ಪಂಜಿನ ಮೆತ್ತೆಯು ಒತ್ತಡವನ್ನು ಹಂಚುತ್ತದೆ, ಆದರೆ ಅದಕ್ಕೆ ಹೊದಿಸಿದ ರೆಕ್ಸಿನ್ ಬೆವರನ್ನು ಹೋಗಗೊಡದು. ಬೆತ್ತದ ಹೆಣಿಗೆ ಎರಡಕ್ಕೂ ಒಗ್ಗುವುದು: ಅದು ಮೈಗೆ ತಕ್ಕಷ್ಟು ತಗ್ಗುತ್ತದೆ, ಗಾಳಿಯನ್ನೂ ಬಿಡುತ್ತದೆ. ರಬ್ಬರು ಹಾಲು ಸಿಂಪಡಿಸಿ ಒತ್ತಿದ ತೆಂಗಿನ ನಾರಿನ ಮೆತ್ತೆಯೂ ಹಾಗೆಯೇ. ತೆಂಗಿನ ಸೀಮೆಯವರಾದ ನಾವು ಅದನ್ನು ಇನ್ನೂ ಹೆಚ್ಚಾಗಿ ಬಳಸಬಹುದಾಗಿತ್ತು.

ಜೋಡಣೆಯ ವಿಷಯದಲ್ಲಿ ಒಂದೇ ನಿಯಮವಿಲ್ಲ. ಕೆನಡದ ಸಸ್ಕಾಚೆವಾನ್ ಪ್ರಾಂತದ ಆಸ್ಪತ್ರೆಯೊಂದರಲ್ಲಿ 1950ರ ದಶಕದಲ್ಲಿ ರಾಬರ್ಟ್ ಸಾಮರ್ ಎಂಬ ಮನಶ್ಶಾಸ್ತ್ರಜ್ಞನು ವೃದ್ಧೆಯರ ವಾರ್ಡಿನಲ್ಲಿ ಗೋಡೆಗೆ ಸಾಲಾಗಿಟ್ಟ ಕುರ್ಚಿಗಳನ್ನು ತೆಗೆಸಿ ಮೇಜುಗಳ ಸುತ್ತ ಇಡಿಸಿದನು. ಕೆಲವು ವಾರಗಳಲ್ಲಿ ಅವರ ನಡುವಣ ಮಾತುಕತೆ ಸುಮಾರು ಎರಡರಷ್ಟಾಯಿತು. ಆದರೆ ಜ್ವರದಿಂದ ನರಳುತ್ತಿರುವವನಿಗೆ ಅಪರಿಚಿತನ ಮುಖವನ್ನೇ ನೋಡುತ್ತ ಕೂರುವುದು ಹಿಂಸೆ. ಐವರ ಬೆಂಚಿನಲ್ಲಿ ಮೊದಲಿಬ್ಬರು ಎರಡು ಕೊನೆಗಳನ್ನು ಹಿಡಿಯುವುದನ್ನು ನೀವೇ ಕಂಡಿರುವಿರಿ. ಆದ್ದರಿಂದ ಚಿಕ್ಕ ಗುಂಪುಗಳು, ಮೂಲೆಯಲ್ಲಿ ಲಂಬಕೋನದಲ್ಲಿ ಕೂಡಿದ ಎರಡು ಬೆಂಚುಗಳು, ಒಬ್ಬಂಟಿಗೆ ಒಂದೆರಡು ಬಿಡಿ ಕುರ್ಚಿಗಳು: ಹೀಗೆ ಬೆರಕೆಯಾಗಿರುವುದೇ ಒಳ್ಳೆಯದು. ಮಾತಾಡಬೇಕಾದವರು ಮಾತಾಡುತ್ತಾರೆ, ಬೇಡವಾದವರು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾರೆ.

ಆಸ್ಪತ್ರೆಯ ಕೊಠಡಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಗಾಳಿ. ಕ್ಷಯರೋಗಿಯು ಕೆಮ್ಮಿದಾಗ ಹೊರಬೀಳುವ ತುಂತುರಿನ ಅತಿ ಸಣ್ಣ ಹನಿಗಳು ನೆಲಕ್ಕೆ ಬೀಳುವ ಮೊದಲೇ ಒಣಗಿ, ಉಳಿದ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಬಲ್ಲವೆಂದು 1930ರ ದಶಕದಲ್ಲಿ ವಿಲಿಯಂ ವೆಲ್ಸ್ ತೋರಿಸಿದನು. ಗಂಟೆಗೆ ಎರಡು ಬಾರಿ ಗಾಳಿ ಬದಲಾಗುವ ಮುಚ್ಚಿದ ಕೊಠಡಿಯಲ್ಲಿ ಈ ಕಣಗಳು ನೂರಕ್ಕೆ ಐದಕ್ಕಿಳಿಯಲು ಒಂದೂವರೆ ಗಂಟೆ ಬೇಕು. ಗಂಟೆಗೆ 12 ಬಾರಿ ಬದಲಾಗುವಲ್ಲಿ ಕಾಲು ಗಂಟೆ ಸಾಕು. ಪೆರುವಿನ ಲೀಮಾ ನಗರದ ಆಸ್ಪತ್ರೆಗಳಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎತ್ತರದ ಮಾಡು ಮತ್ತು ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳು ಹೊಸವನ್ನು ಈ ವಿಷಯದಲ್ಲಿ ಹಿಂದೆ ಹಾಕಿದುವು.

ಕಿಟಕಿಗಳನ್ನು ತೆರೆದು ಊದುಬತ್ತಿಯೊಂದನ್ನು ಹಚ್ಚಿ ಕೊಠಡಿಯ ನಡುವೆ ಹಿಡಿದರೆ ಗಾಳಿಯ ದಾರಿ ಕಾಣುತ್ತದೆ. ಕೆಮ್ಮುವವರ ಆಸನವು ಹೊಗೆ ಹೊರಹೋಗುವ ಕಿಟಕಿಯ ಪಕ್ಕದಲ್ಲಿರಬೇಕು. ಬಾಣಂತಿಯರೂ ಮಕ್ಕಳೂ ಗಾಳಿ ಒಳಬರುವ ಕಡೆ. ಆದರೆ ಗಂಡಸಿಯ ಕಡೆ ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿಯು ಕಾರ್ತಿಕದ ಹೊತ್ತಿಗೆ ಮೂಡಣಕ್ಕೆ ತಿರುಗಿರುತ್ತದೆ. ಆದುದರಿಂದ ಈ ಎರಡು ಸಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯದೆ, ವರ್ಷಕ್ಕೆ ಎರಡು ಸಲ ಅದಲುಬದಲು ಮಾಡುವಂತೆ ಬಿಡಿಯಾಗಿಯೇ ಇಟ್ಟಿರಬೇಕು.