ಈ ಇಕ್ಕಳ ಯಾವುದಕ್ಕೆ?



ಹಬ್ಬಕ್ಕೆ ಮುಂಚೆ ನಡೆದ ಶುಚಿಕಾರ್ಯದಲ್ಲಿ ನಮ್ಮ ದೇವಾಲಯದ ಅಟ್ಟದಿಂದ ಇಳಿದ ಒಂದು ಕಬ್ಬಿಣದ ವಸ್ತು ಎಲ್ಲರಿಗೂ ಒಗಟಾಯಿತು. ತೋಳುದ್ದದ ಎರಡು ಹಿಡಿಗಳು, ಅವುಗಳ ತುದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರುವ ಎರಡು ದಪ್ಪ ತಗಡುಗಳು, ಮೇಲೆಲ್ಲ ತುಕ್ಕು. ಕಮ್ಮಾರನ ಇಕ್ಕಳ ಎಂದರು ಹಿರಿಯರು. ದನಗಳಿಗೆ ಬರೆ ಹಾಕುವ ಮುದ್ರೆ ಎಂದರು ಯುವಕರು. ತಾಯಂದಿರಿಗೆ ಕ್ರಿಸ್ಮಸ್ಸಿನ ಅಚ್ಚುಮುರುಕು ನೆನಪಾಯಿತು. ಗುಜರಿಗೆ ಹಾಕಿಬಿಡೋಣ ಎಂಬ ಮಾತೂ ಬಂತು.

ಒಂದೊಂದನ್ನೂ ವಿಚಾರಿಸಿ ನೋಡೋಣ. ಕಮ್ಮಾರನ ಇಕ್ಕಳದ ಬಾಯಿ ಕಿರಿದು. ಕಾದ ಕಬ್ಬಿಣವನ್ನು ಕಚ್ಚಿ ಹಿಡಿಯಲು ಅದಕ್ಕೆ ಅಗಲವಾದ ತಗಡು ಬೇಕಿಲ್ಲ. ಬರೆ ಹಾಕುವ ಮುದ್ರೆಗೆ ಒಂದೇ ಮುಖ ಸಾಕು. ಅಚ್ಚುಮುರುಕಿನ ಅಚ್ಚಿಗೂ ಒಂದೇ ಹಿಡಿ. ಅದನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಇಳಿಸುತ್ತೇವೆ.

ತುಕ್ಕು ಒರೆಸಿದಾಗ ಒಳಗಿನ ಒಂದು ತಗಡಿನಲ್ಲಿ ದುಂಡನೆಯ ಗೆರೆಗಳು ಕಂಡವು: ಎರಡು ದೊಡ್ಡವು, ಕೆಲವು ಚಿಕ್ಕವು. ದೊಡ್ಡದರ ನಡುವೆ ಶಿಲುಬೆ, ಕೆಳಗೆ ಮೂರು ಅಕ್ಷರ. ಎಡದಿಂದ ಓದಿದರೆ ಎಸ್, ಎಚ್, ಐ. ಅದರಲ್ಲೂ ಎಸ್ ಹಿಂದುಮುಂದು. ಒಗಟಿನ ಬೀಗದ ಕೈ ಇದೇ. ಹೀಗೆ ತಿರುಗಿಸಿ, ಗುಳಿ ಬೀಳುವಂತೆ ಕೊರೆದಿದ್ದರೆ ಅದು ಬೇರೊಂದರ ಮೇಲೆ ನೇರವಾಗಿ, ಉಬ್ಬಾಗಿ ಮೂಡಲೆಂದೇ. ನೇರವಾಗಿ ಮೂಡಿದಾಗ ಅದು ಐ.ಎಚ್.ಎಸ್., ಅಂದರೆ ಗ್ರೀಕ್ ಭಾಷೆಯಲ್ಲಿ ಯೇಸುವಿನ ನಾಮದ ಮೊದಲ ಮೂರು ಅಕ್ಷರ. ಸಿಯೆನಾದ ಸಂತ ಬರ್ನರ್ಡಿನರು (1380–1444) ಊರೂರು ತಿರುಗಿ ಬೋಧಿಸುತ್ತಾ ಈ ಗುರುತಿನ ಮೇಲಿನ ಭಕ್ತಿಯನ್ನು ಹರಡಿದರು.

ಹೌದು, ಇದು ಬಲಿಪೂಜೆಯ ರೊಟ್ಟಿಯನ್ನು, ನಮ್ಮ ಹಿರಿಯರು ಓಸ್ತಿ ಎನ್ನುತ್ತಿದ್ದುದನ್ನು, ಸುಡುವ ಅಚ್ಚು.

ಕೆಲಸ ಸರಳ, ಆದರೆ ತಾಳ್ಮೆ ಬೇಕು. ಗೋಧಿಹಿಟ್ಟಿಗೆ ನೀರು ಬೆರೆಸಿ ತೆಳುವಾಗಿ ಕಲಸುವುದು. ಅಚ್ಚನ್ನು ಕೆಂಡದ ಮೇಲೆ ಕಾಯಿಸಿ, ಅಂಟದಂತೆ ಜೇನುಮೇಣ ಸವರುವುದು. ಹಿಟ್ಟು ಹೊಯ್ದು, ಹಿಡಿಗಳನ್ನು ಒತ್ತಿ ಮುಚ್ಚಿ ಬೆಂಕಿಗೆ ಹಿಡಿಯುವುದು. ಕೈ ಸುಡದಿರಲೆಂದೇ ಅಷ್ಟು ಉದ್ದದ ಹಿಡಿ. ಹೆಚ್ಚು ಹೊತ್ತು ಬಿಟ್ಟರೆ ಕಂದುತ್ತದೆ, ಬೇಗ ತೆಗೆದರೆ ಹರಿಯುತ್ತದೆ. ಬೆಂದ ಹಾಳೆ ಗರಿಗರಿಯಾಗಿ ಪುಡಿಯಾಗುವುದರಿಂದ ಸ್ವಲ್ಪ ತೇವಕ್ಕಿಟ್ಟು, ಆಮೇಲೆ ದುಂಡಗೆ ಕತ್ತರಿಸುವುದು. ದೊಡ್ಡದು ಗುರುಗಳಿಗೆ, ಚಿಕ್ಕವು ಭಕ್ತಾದಿಗಳಿಗೆ. ವಿದ್ಯುತ್ ಯಂತ್ರಗಳು ಬಂದ ಮೇಲೆ ಇಂತಹ ಅಚ್ಚುಗಳು ಮೂಲೆ ಸೇರಿದವು.

ಉಪಕರಣ ಬದಲಾದರೂ ನಿಯಮ ಬದಲಾಗಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯಂತೆ ರೊಟ್ಟಿ ಬರೀ ಗೋಧಿಯದಾಗಿರಬೇಕು, ಇತ್ತೀಚೆಗೆ ಮಾಡಿದ್ದಾಗಿರಬೇಕು. ನಮ್ಮ ಲತೀನ್ ಸಂಪ್ರದಾಯದಲ್ಲಿ ಹುಳಿಯಿಲ್ಲದ್ದೇ ಆಗಬೇಕೆಂದು 926ನೆಯ ವಿಧಿ ಹೇಳುತ್ತದೆ. ಓಸ್ತಿ ಅಂಗಡಿಗಳಲ್ಲೂ ಇಂಟರ್ನೆಟ್ಟಿನಲ್ಲೂ ಮಾರಾಟವಾಗುತ್ತಿರುವುದನ್ನು ಗಮನಿಸಿ, ಅದರ ಗುಣಮಟ್ಟದ ಮೇಲೆ ಕಣ್ಣಿಡುವಂತೆ 2017ರ ಜೂನ್ 15ರಂದು ರೋಮಿನಿಂದ ಧರ್ಮಾಧ್ಯಕ್ಷರಿಗೆ ಪತ್ರ ಬಂದಿತು.

ನಿಮ್ಮ ಧರ್ಮಕೇಂದ್ರದಲ್ಲೂ ಇಂತಹ ವಸ್ತು ಸಿಕ್ಕರೆ ಅವಸರ ಬೇಡ. ಹುಣಸೆಹಣ್ಣು, ಮರಳುಕಾಗದ ಹಾಕಿ ಉಜ್ಜಬೇಡಿ, ಕೆತ್ತನೆ ಸವೆದೀತು. ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿಡಿ. ಬೆಲೆಬಾಳುವ ಹಾಗೂ ಸಾಂಸ್ಕೃತಿಕ ಮಹತ್ವದ ಸ್ವತ್ತುಗಳ ಪಟ್ಟಿ ಇಡಬೇಕೆಂದು 1283ನೆಯ ವಿಧಿ ಹೇಳುತ್ತದೆ. ಆ ಪಟ್ಟಿಗೆ ಇದನ್ನೂ ಸೇರಿಸಿ. ಇದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ: ಆಗ ಓಸ್ತಿ ಎಲ್ಲಿಂದ ಬರುತ್ತಿತ್ತು, ಯಾರು ಸುಡುತ್ತಿದ್ದರು? ಕಬ್ಬಿಣ ಇನ್ನೂ ನೂರು ವರ್ಷ ಉಳಿದೀತು, ಆ ನೆನಪು ಉಳಿಯದು.

ಆ ಕೈಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆದರೂ ಅವು ಬೆಂಕಿಯ ಮುಂದೆ ಬೆವರಿದ್ದರಿಂದಲೇ ಪೀಠದ ಮೇಲೆ ರೊಟ್ಟಿ ಇತ್ತು. ಭೂಮಿಯ ಫಲವೂ ಮಾನವರ ದುಡಿಮೆಯ ಫಲವೂ ಆದ ರೊಟ್ಟಿಯನ್ನು ಗುರುಗಳು ಮೇಲೆತ್ತುವಾಗ ಆ ಕೈಗಳನ್ನೂ ಸ್ಮರಿಸೋಣ.