ಪಟ್ಟಿಗೂ ಬೇಕು ಒಂದು ಬಟ್ಟಲು ಹೆಪ್ಪು

ಹತ್ತರಗಿ ಟೋಲ್ ನಾಕಾ ದಾಟಿ ಬೆಂಗಳೂರಿನ ಕಂಪನಿ ಸೇರಿದ ನಿಮ್ಮ ಮಗ ಬೆಳಿಗ್ಗೆ ಪಾಸ್‌ವರ್ಡ್ ಒತ್ತುತ್ತಾನಲ್ಲ, ‘ಇವ ನಮ್ಮವನೇ, ಇಷ್ಟು ಕೋಣೆಗಳ ಕೀಲಿಕೈ ಇವನಿಗುಂಟು’ ಎಂದು ಹೇಳುವುದು ಡೈರೆಕ್ಟರಿ ಎಂಬ ಪಟ್ಟಿ. ಕಳ್ಳ ಅದರೊಳಗೆ ತನ್ನ ಹೆಸರು ತೂರಿಸಿದನೋ, ಅವನೇ ಯಜಮಾನ!

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿಗೆ ಮೇರ್ಸ್ಕ್ ಹಡಗು ಕಂಪನಿಯ ಪಟ್ಟಿಗಳು ಅಳಿಸಿಹೋದವು. ಮುಂಬಯಿ ಹತ್ತಿರದ ಜವಾಹರಲಾಲ್ ನೆಹರೂ ಬಂದರಿನ ಅದರ ಟರ್ಮಿನಲ್ಲೂ ನಿಂತಿತು. ಪಟ್ಟಿಯ ಪ್ರತಿಗಳು ಊರೂರಲ್ಲಿದ್ದವು, ನಿಜ. ಒಂದೇ ತಂತಿಗೆ ಕಟ್ಟಿದ್ದರಿಂದ ಒಟ್ಟಿಗೇ ಹಾಳಾದವು. ಉಳಿದದ್ದು ಘಾನಾ ದೇಶದ್ದೊಂದೇ. ಯಾಕೆ ಗೊತ್ತೇ? ಅಲ್ಲಿ ಆಗ ಕರೆಂಟ್ ಹೋಗಿತ್ತು! (ಲೋಡ್‌ಶೆಡ್ಡಿಂಗಿಗೆ ಶಾಪ ಹಾಕುವಾಗ ಇದು ನೆನಪಿರಲಿ.) ಅದನ್ನೇ ವಿಮಾನದಲ್ಲಿ ಇಂಗ್ಲೆಂಡಿಗೆ ಒಯ್ದು, ನೆರೆಮನೆಯ ಹೆಪ್ಪಿನಿಂದ ಮೊಸರು ಮಾಡಿದ ಹಾಗೆ, ಪಟ್ಟಿಯನ್ನು ಮತ್ತೆ ಕಟ್ಟಿದರು.

ಈಗ ಜಾಣ ಕಂಪನಿಗಳು ತಂತಿ ತಾಗದಂತೆ ಒಂದು ಪ್ರತಿ ಎತ್ತಿಡುತ್ತವೆ. ಕೆಲಸ ಬಿಟ್ಟವನ ಹೆಸರನ್ನು ಅಂದೇ ಹೊಡೆದು ಹಾಕುತ್ತವೆ. ಮಗ ಹಬ್ಬಕ್ಕೆ ಬಂದಾಗ ಕೇಳಿರಲ್ಲ, ನಿಮ್ಮ ಆಫೀಸಿನ ಹೆಪ್ಪು ಎಲ್ಲಿಟ್ಟೀರಪ್ಪಾ ಅಂತ.