ನೀರಿನ ಸಭೆಯಲ್ಲಿ ಯಾರ ಮಾತು ನಡೆಯುತ್ತದೆ?

ನೀರಿನ ವಿಚಾರದಲ್ಲಿ ಸರ್ಕಾರ, ರೈತರು, ಕಂಪನಿಗಳು ಒಟ್ಟಿಗೆ ಕೂತು ತೀರ್ಮಾನಿಸಬೇಕು ಎನ್ನುತ್ತಾರೆ. 2008ರಲ್ಲಿ ಹುಟ್ಟಿದ ‘2030 ವಾಟರ್ ರಿಸೋರ್ಸಸ್ ಗ್ರೂಪ್’ ಮಾಡುವುದೂ ಇದನ್ನೇ. ಕೋಕಾ-ಕೋಲಾ, ಪೆಪ್ಸಿಕೋ, ನೆಸ್ಲೆ ಅದರ ಪಾಲುದಾರರು. ಕರ್ನಾಟಕ ಸರ್ಕಾರವೂ ಅದರೊಂದಿಗೆ ಕೆಲಸ ಮಾಡಿದೆ. ಒಟ್ಟಿಗೆ ಕೂರುವುದು ಒಳ್ಳೆಯದೇ. ಆದರೆ ಕಂಪನಿಯವರು ತಜ್ಞರು, ವಕೀಲರು, ಅಂಕಿಅಂಶಗಳೊಂದಿಗೆ ಬರುತ್ತಾರೆ. ರೈತ ಹೊಲದ ಕೆಲಸ ಬಿಟ್ಟು ಬರಿಗೈಲಿ ಬರುತ್ತಾನೆ.

ಕೇರಳದ ಪ್ಲಾಚಿಮಡವನ್ನೇ ನೋಡಿ. 2000ದಲ್ಲಿ ಅಲ್ಲಿ ಕೋಕಾ-ಕೋಲಾ ಘಟಕ ಶುರುವಾಯಿತು. ಬಾವಿಯ ನೀರು ಕೆಟ್ಟಿದೆ, ಕಡಿಮೆಯಾಗಿದೆ ಎಂದು 2002ರಲ್ಲಿ ಮಯಿಲಮ್ಮ ಮತ್ತಿತರ ಆದಿವಾಸಿಗಳು ಧರಣಿ ಕೂತರು. 2003ರಲ್ಲಿ ಪೆರುಮಾಟ್ಟಿ ಪಂಚಾಯಿತಿ ಲೈಸೆನ್ಸ್ ನವೀಕರಿಸಲು ಒಪ್ಪದಿದ್ದಾಗ ಅವರ ದೂರಿಗೆ ಬಲ ಬಂತು. ಕೇಸು ಹೈಕೋರ್ಟಿಗೆ ಹೋಯಿತು. 2004ರ ಮಾರ್ಚ್‌ನಲ್ಲಿ ಘಟಕದ ಕೆಲಸ ನಿಂತಿತು.

ನನಗನಿಸುವುದು ಇಷ್ಟೇ: ‘ಆಗದು’ ಎನ್ನುವ ಅಧಿಕಾರ ಊರಿನವರಿಗಿದ್ದರೆ ಮಾತ್ರ ಸಭೆಯಲ್ಲಿ ಅವರ ಮಾತಿಗೆ ತೂಕ. ಕಂಪನಿ ದಿನಕ್ಕೆ ಎಷ್ಟು ನೀರು ಎತ್ತುತ್ತದೆ ಎಂಬ ಮೀಟರ್ ಲೆಕ್ಕವೂ ಪಂಚಾಯಿತಿ ಬೋರ್ಡಿನಲ್ಲಿ ಕಾಣಬೇಕು. ಬಿಇ ಓದುತ್ತಿರುವ ನಮ್ಮಲ್ಲಿ ಕೆಲವರು ನಾಳೆ ಆ ಮೀಟರ್ ನೋಡಿಕೊಳ್ಳುವ ಕೆಲಸಕ್ಕೇ ಸೇರುತ್ತೇವೆ. ಸಂಬಳ ಕಂಪನಿ ಕೊಟ್ಟರೂ ಲೆಕ್ಕ ಸರಿಯಾಗಿಯೇ ಬರೆಯೋಣ.